ಪಣಕ್ಕೊಡ್ಡಿದ ವೀರ: ಅಮೆರಿಕದ ಸೂಪರ್‌ಹೀರೋ ಕಥನದಲ್ಲಿ ಸಮಾಹ್ವಯದ ನೆಲೆಗಳು

ನಮ್ಮ ಧರ್ಮಶಾಸ್ತ್ರಗಳು ಜೂಜನ್ನು ಎರಡಾಗಿ ವಿಂಗಡಿಸುತ್ತವೆ. ಪಗಡೆ, ದಾಳ ಮೊದಲಾದ ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ. ಜೀವವುಳ್ಳವುಗಳನ್ನು ಒಂದಕ್ಕೊಂದು ಎದುರುಬದುರು ನಿಲ್ಲಿಸಿ, ಕಾಳಗಕ್ಕೆ ಬಿಟ್ಟು, ಪಣ ಕಟ್ಟುವುದು ಸಮಾಹ್ವಯ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಈ ವಿಭಜನೆ ಸ್ಪಷ್ಟವಾಗಿದೆ. ಇವುಗಳಲ್ಲಿ ದ್ಯೂತಕ್ಕೆ ಕಾವ್ಯಭಾಗ್ಯ ಒದಗಿತು. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡದಲ್ಲಿ ಭಾರತಕಥೆಯನ್ನು ಹೇಳಿದವರು ಯಾರೂ ಆ ಸಭಾಪರ್ವದ ಹಾಸನ್ನು ದಾಟದೆ ಮುಂದೆ ಹೋಗುವಂತಿರಲಿಲ್ಲ. ಸಮಾಹ್ವಯವಾದರೋ ವ್ಯವಹಾರಕಾಂಡದ ಒಂದು ಮೂಲೆಯಲ್ಲಿ ಉಳಿದು, ಕ್ರಮೇಣ ನಿಘಂಟಿನ ಶಬ್ದವಾಯಿತು. ಆ ಶಬ್ದವನ್ನು ಮತ್ತೆ ಕೈಗೆತ್ತಿಕೊಳ್ಳಬೇಕೆಂಬ ಒತ್ತಾಯ ನಮಗೆ ಬಂದದ್ದು ತೀರ ಅನಿರೀಕ್ಷಿತವಾದ ದಿಕ್ಕಿನಿಂದ. ಅದು ಅಮೆರಿಕದ ಸೂಪರ್‌ಹೀರೋ ಕಥೆಗಳಿಂದ ಬಂದದ್ದು.

(‘ಸೂಪರ್‌ಹೀರೋ’ ಎಂಬ ಶಬ್ದವನ್ನು ನಾವು ಹಾಗೆಯೇ ಉಳಿಸಿಕೊಂಡಿದ್ದೇವೆ. ‘ಅತಿಮಾನವ’ ಎಂದರೆ ನೀಚೆಯ ನೆರಳು ಬೀಳುತ್ತದೆ. ‘ಮಹಾವೀರ’ ಎಂದರೆ ತೀರ್ಥಂಕರನ ಹೆಸರಾಗುತ್ತದೆ. ಹೊರನಾಡಿನಲ್ಲಿ ಕೂತು ಕನ್ನಡದ ಕೆಲಸ ಮಾಡುವವರಿಗೆ ಇಂಥ ಸಣ್ಣ ಇಕ್ಕಟ್ಟುಗಳು ಹೊಸವಲ್ಲ.)

ಈ ಕಥೆಗಳಲ್ಲಿ ಪುನರಾವರ್ತನೆಗೊಳ್ಳುವ ಒಂದು ಸನ್ನಿವೇಶವಿದೆ. ಮುಸುಕುಧಾರಿಯಾದ ವೀರನೊಬ್ಬ ಎದುರಾಳಿಯೊಡನೆ ಹೋರಾಡುತ್ತಾನೆ. ತಾನು ಹೋರಾಡುತ್ತಿರುವುದು ಜನರ ರಕ್ಷಣೆಗಾಗಿ ಎಂದು ಅವನು ನಂಬಿರುತ್ತಾನೆ, ಇಲ್ಲವೇ ತಾನು ಹೋರಾಡುತ್ತಿದ್ದೇನೆಂಬುದೇ ಅವನಿಗೆ ತಿಳಿದಿರುವುದಿಲ್ಲ. ಆದರೆ ಆ ಹೊತ್ತಿಗೆ ಬೇರೊಂದು ಕಡೆ ಸಿರಿವಂತರು ಸುಖಾಸನಗಳಲ್ಲಿ ಕುಳಿತು ಅವನ ಸೋಲುಗೆಲುವಿನ ಮೇಲೆ ಹಣ ಹೂಡಿರುತ್ತಾರೆ. ಎದುರಾಳಿಯನ್ನು ಕಳುಹಿಸಿದವರೂ ಅವರೇ. ವೀರನು ನ್ಯಾಯವೆಂದು ತಿಳಿದದ್ದು ಇನ್ನೊಬ್ಬರ ವಿನೋದ. ಮೇಲುನೋಟಕ್ಕೆ ಇದು ಕಥೆಗಾರರು ಅನುಕೂಲಕ್ಕೆ ಬಳಸುವ ಹಳೆಯ ತಂತ್ರವೆಂದು ಕಾಣುತ್ತದೆ. ಹಾಗಲ್ಲ, ಈ ಪ್ರಕಾರ ತನ್ನ ಹುಟ್ಟಿನ ಜಾಗಕ್ಕೇ ಹಿಂದಿರುಗುವ ಘಳಿಗೆ ಇದು ಎಂಬುದು ನಮ್ಮ ವಾದ. ಹಾಗೆ ಹಿಂದಿರುಗಿದಾಗ ಅದು ಪ್ರಾಮಾಣಿಕವಾಗಿದೆಯೇ ಇಲ್ಲವೇ ಎಂಬುದನ್ನು ಅಳೆಯಲು ‘ಸಮಾಹ್ವಯ’ ಎಂಬ ಪರಿಕಲ್ಪನೆ ನೆರವಾಗುತ್ತದೆ.

ಈ ಪರಿಕಲ್ಪನೆಗೆ ಕನ್ನಡನಾಡಿನೊಡನೆ ಇರುವ ಸಂಬಂಧ ಆಕಸ್ಮಿಕವಲ್ಲ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076-1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಅದರ ದ್ಯೂತಸಮಾಹ್ವಯ ಪ್ರಕರಣದಲ್ಲಿ ಪ್ರಾಣಿದ್ಯೂತವೆಂದರೇನೆಂದು ವಿವರಿಸುವಾಗ ವಿಜ್ಞಾನೇಶ್ವರನು ಟಗರು ಮತ್ತು ಕೋಣಗಳಿಗಿಂತ ಮೊದಲು ಹೆಸರಿಸುವುದು ಮಲ್ಲನನ್ನು. ಮನುಷ್ಯನಾದ ಜಟ್ಟಿ, ಟಗರು, ಕೋಣ ಮೂವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ವ್ಯಾಖ್ಯಾನಕಾರನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮುಂದಿನ ತಲೆಮಾರಿನಲ್ಲಿ, ಅದೇ ಕಲ್ಯಾಣದಲ್ಲಿ, ಅದೇ ಮನೆತನದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ರಚಿಸಿದಾಗ ಅರಸನ ವಿನೋದಗಳ ಪಟ್ಟಿಯಲ್ಲಿ ಅಂಕವಿನೋದ, ಮಲ್ಲವಿನೋದ, ಕುಕ್ಕುಟವಿನೋದ, ಲಾವಕವಿನೋದ, ಮೇಷವಿನೋದ, ಮಹಿಷವಿನೋದಗಳು ಒಂದರ ಹಿಂದೊಂದು ಬರುತ್ತವೆ. ಆಯುಧ ಹಿಡಿದು ಕಾದುವ ಭಟ, ಜಟ್ಟಿ, ಹುಂಜ, ಲಾವಕ್ಕಿ, ಟಗರು, ಕೋಣ: ಅರಮನೆಯ ಮೊಗಸಾಲೆಯಿಂದ ನೋಡುವವನಿಗೆ ಇವೆಲ್ಲ ಒಂದೇ ಸರಣಿಯ ನೋಟಗಳು. ಶಾಸ್ತ್ರಕಾರನ ಸಾಲನ್ನೂ ಅರಸನ ಸಾಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಳಗ ಮಾಡುವ ದೇಹವನ್ನು ಯಾವ ಕಣ್ಣು ನೋಡುತ್ತಿತ್ತೆಂಬುದರ ಕಲ್ಪನೆ ಬರುತ್ತದೆ. ಕರಾವಳಿಯ ‘ಕೋಳಿ ಅಂಕ’ದಲ್ಲಿ ಆ ಹಳೆಯ ‘ಅಂಕ’ ಶಬ್ದ ಇಂದಿಗೂ ಜೀವಂತವಾಗಿದೆ. ಕಾಳಗ, ನಾಟಕದ ಭಾಗ, ಎಣಿಕೆಯ ಸಂಖ್ಯೆ, ಈ ಮೂರನ್ನೂ ಒಂದೇ ಶಬ್ದ ಹೊತ್ತಿರುವುದು ನಮ್ಮ ವಿಷಯಕ್ಕೆ ಅದೆಷ್ಟು ಒಗ್ಗುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಗುರುತಿಸಿಕೊಳ್ಳಬೇಕು. ಯಾಜ್ಞವಲ್ಕ್ಯನು ಜೂಜನ್ನು ಮನುವಿನಂತೆ ಪೂರ್ತಿಯಾಗಿ ನಿಷೇಧಿಸುವುದಿಲ್ಲ. ಅದನ್ನು ಒಬ್ಬ ಅಧಿಕಾರಿಯ ಕಣ್ಣಳತೆಯಲ್ಲಿ ನಡೆಸಬೇಕೆನ್ನುತ್ತಾನೆ. ಜೂಜುಕಟ್ಟೆಯನ್ನು ನಡೆಸುವವನ ಹೆಸರು ‘ಸಭಿಕ’. ಅವನಿಗೆ ಸಲ್ಲಬೇಕಾದ ಪಾಲು ದೊಡ್ಡ ಗೆಲುವಾದರೆ ನೂರಕ್ಕೆ ಐದು, ಉಳಿದವರಿಂದ ನೂರಕ್ಕೆ ಹತ್ತು. ಅರಸನಿಗೂ ಭಾಗವುಂಟು. ಕಳ್ಳರು ಅಲ್ಲಿ ಸೇರುತ್ತಾರಾದ್ದರಿಂದ ಅವರನ್ನು ಗುರುತು ಹಿಡಿಯಲು ಅನುಕೂಲ ಎಂಬ ಕಾರಣವನ್ನೂ ಕೊಡಲಾಗಿದೆ. ಈ ವಿಧಿಯೇ ಸಮಾಹ್ವಯಕ್ಕೂ ಅನ್ವಯಿಸುತ್ತದೆ. ಬೃಹಸ್ಪತಿಯ ಹೆಸರಿನಲ್ಲಿ ಉದ್ಧೃತವಾಗುವ ವಚನವೊಂದರ ಪ್ರಕಾರ, ಕಾದಾಟದಲ್ಲಿ ಯಾವುದು ಸೋಲುತ್ತದೆಯೋ ಅದರ ಒಡೆಯನು ಪಣವನ್ನು ತೆರಬೇಕು. ಸಭಿಕನ ಹಕ್ಕು, ಒಡೆಯನ ಹೊಣೆ, ಅರಸನ ಪಾಲು ಎಲ್ಲವೂ ಲೆಕ್ಕಕ್ಕೆ ಸಿಕ್ಕಿವೆ. ಕಾದಾಡಿದ ಜೀವಕ್ಕೆ ಮಾತ್ರ ಈ ವ್ಯವಹಾರದಲ್ಲಿ ಕಕ್ಷಿದಾರನ ಸ್ಥಾನವಿಲ್ಲ. ಅದಕ್ಕೆ ಗೊತ್ತಿತ್ತೇ, ಒಪ್ಪಿಗೆ ಇತ್ತೇ ಎಂಬ ಪ್ರಶ್ನೆ ಏಳುವುದೇ ಇಲ್ಲ. ಹುಂಜದ ವಿಷಯದಲ್ಲಿ ಅದು ಸಹಜ. ಜಟ್ಟಿಯ ವಿಷಯದಲ್ಲಿ?

ಶಾಸ್ತ್ರ ಕೇಳದೆ ಬಿಟ್ಟ ಈ ಪ್ರಶ್ನೆಯನ್ನು ಅಮೆರಿಕದ ಅಗ್ಗದ ಬಣ್ಣದ ಪುಸ್ತಕಗಳು ಕೇಳಿದವು. ಸೆನ್ಸೇಷನ್ ಕಾಮಿಕ್ಸ್ ಎಂಬ ಪತ್ರಿಕೆಯ ಮೊದಲ ಸಂಚಿಕೆ 1942ರ ಜನವರಿಯ ತಾರೀಖನ್ನು ಹೊತ್ತು ಹೊರಬಂತು. ಅದರ ಮುಖಪುಟದಲ್ಲಿದ್ದವಳು ವಂಡರ್ ವುಮನ್. ಆದ್ದರಿಂದ ಅದೇ ಸಂಚಿಕೆಯ ಒಳಪುಟಗಳಲ್ಲಿ ಹುಟ್ಟಿದ ಇನ್ನೊಬ್ಬ ವೀರನತ್ತ ಹೆಚ್ಚಿನವರ ಗಮನ ಹೋಗಿಲ್ಲ. ಬಿಲ್ ಫಿಂಗರ್ ಬರೆದು ಇರ್ವಿನ್ ಹೇಸನ್ ಚಿತ್ರಿಸಿದ ಆ ಕಥೆಯ ನಾಯಕ ಟೆಡ್ ಗ್ರಾಂಟ್ ಒಬ್ಬ ಮುಷ್ಟಿಮಲ್ಲ. ಅವನ ವ್ಯವಸ್ಥಾಪಕರು ಪಂದ್ಯದ ಫಲಿತಾಂಶವನ್ನು ತಮಗೆ ಬೇಕಾದಂತೆ ತಿರುಗಿಸುವುದಕ್ಕಾಗಿ ಕೈಗವಸಿನಲ್ಲಿ ವಿಷದ ಮುಳ್ಳನ್ನು ಅಡಗಿಸಿಡುತ್ತಾರೆ. ಎದುರಾಳಿ ಮಂಕಾಗಲಿ ಎಂಬುದಷ್ಟೇ ಅವರ ಎಣಿಕೆ. ಪ್ರಮಾಣ ಮೀರಿ ಅವನು ಸಾಯುತ್ತಾನೆ. ಕೊಲೆಯ ಆರೋಪ ಗ್ರಾಂಟನ ಮೇಲೆ ಬೀಳುತ್ತದೆ. ತಲೆಮರೆಸಿಕೊಂಡ ಅವನಿಗೆ ದಾರಿಯಲ್ಲಿ ಒಬ್ಬ ಹುಡುಗ ಸಿಗುತ್ತಾನೆ; ಹುಡುಗ ತಾನು ಓದುವ ಗ್ರೀನ್ ಲ್ಯಾಂಟರ್ನ್ ಕಥೆಯ ವಿಷಯ ಹೇಳುತ್ತಾನೆ. ಅದನ್ನು ಕೇಳಿದ ಗ್ರಾಂಟ್ ಮುಸುಕು ತೊಟ್ಟು ವೈಲ್ಡ್‌ಕ್ಯಾಟ್ ಆಗಿ ತನ್ನ ಕಳಂಕವನ್ನು ತೊಳೆದುಕೊಳ್ಳುತ್ತಾನೆ.

ಈ ಕಥೆಯನ್ನು ತುಸು ನಿಧಾನವಾಗಿ ನೋಡಬೇಕು. ಇಲ್ಲಿ ವೀರ ಹುಟ್ಟುವುದು ಬಾನಿನಿಂದ ಬಿದ್ದುದರಿಂದಲೂ ಅಲ್ಲ, ಔಷಧ ಕುಡಿದುದರಿಂದಲೂ ಅಲ್ಲ. ಇನ್ನೊಬ್ಬರು ಹೂಡಿದ ಆಟದಲ್ಲಿ ತನ್ನ ಅರಿವಿಲ್ಲದೆಯೇ ಅವನ ಮುಷ್ಟಿ ಆಯುಧವಾಗಿಬಿಟ್ಟಿತ್ತು. ಅವನನ್ನು ವೀರನನ್ನಾಗಿ ಮಾಡುವುದು ಅದರ ಅರಿವು. ಕಣದಲ್ಲಿದ್ದಾಗ ಅವನು ಮಿತಾಕ್ಷರಾದ ಸಾಲಿನಲ್ಲಿದ್ದ, ಟಗರು ಕೋಣಗಳ ಪಕ್ಕದಲ್ಲಿ. ಏನು ನಡೆಯಿತೆಂದು ತಿಳಿದ ಕ್ಷಣದಲ್ಲಿ ಆ ಸಾಲಿನಿಂದ ಹೊರಗೆ ಬಂದ. ಮುಸುಕು ಎಂಬುದು ಆ ಹೊರಬರುವಿಕೆಯ ಗುರುತು. ಹುಡುಗನ ಪಾತ್ರವೂ ಗಮನಾರ್ಹವಾದುದು. ವೀರನಿಗೆ ವೀರನಾಗುವುದನ್ನು ಕಲಿಸುವವನು ಒಬ್ಬ ಓದುಗ, ಅದೂ ಬಿಡಿಗಾಸಿಗೆ ಪುಸ್ತಕ ಕೊಳ್ಳುವ ಓದುಗ. ಅವನು ಯಾವ ಪಣವನ್ನೂ ಕಟ್ಟಿಲ್ಲ.

ಮುಷ್ಟಿಕಣದ ನೆರಳು ಈ ಪ್ರಕಾರದ ಮೇಲೆ ಆಮೇಲೂ ಬೀಳುತ್ತಲೇ ಹೋಯಿತು. 1962ರ ಆಗಸ್ಟ್ ತಾರೀಖಿನ ಅಮೇಜಿಂಗ್ ಫ್ಯಾಂಟಸಿ ಹದಿನೈದನೆಯ ಸಂಚಿಕೆಯಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್‌ನನ್ನು ಪರಿಚಯಿಸಿದಾಗ, ಶಕ್ತಿ ಪಡೆದ ಹುಡುಗ ಪೀಟರ್ ಪಾರ್ಕರ್ ಮೊದಲು ಹೋಗುವುದು ಕುಸ್ತಿಯ ಕಣಕ್ಕೆ. ಕ್ರಷರ್ ಹೋಗನ್ ಎಂಬ ಜಟ್ಟಿಯ ಎದುರು ಮೂರು ನಿಮಿಷ ನಿಂತವನಿಗೆ ನೂರು ಡಾಲರ್ ಎಂಬ ಜಾಹೀರಾತನ್ನು ನೋಡಿ. ಅಲ್ಲಿಂದ ದೂರದರ್ಶನದ ಪ್ರದರ್ಶನಕ್ಕೆ ಏರುತ್ತಾನೆ. ಆ ಪ್ರದರ್ಶನ ಮುಗಿಸಿ ಬರುವಾಗ ಓಡಿಹೋಗುತ್ತಿದ್ದ ಕಳ್ಳನನ್ನು ತನಗೇಕೆಂದು ಬಿಟ್ಟುಬಿಡುತ್ತಾನೆ. ಅದೇ ಕಳ್ಳ ಅವನ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಕಳ್ಳರನ್ನು ಗುರುತು ಹಿಡಿಯಲೆಂದೇ ಜೂಜುಕಟ್ಟೆಯನ್ನು ಕಣ್ಣಳತೆಯಲ್ಲಿಡಬೇಕೆಂದ ಯಾಜ್ಞವಲ್ಕ್ಯನ ಮಾತು ಇಲ್ಲಿ ನೆನಪಾಗದಿರದು. 2002ರಲ್ಲಿ ಸ್ಯಾಮ್ ರೈಮಿ ಈ ಪ್ರಸಂಗವನ್ನು ಚಲನಚಿತ್ರಕ್ಕೆ ತಂದಾಗ ಒಂದು ಅರ್ಥಪೂರ್ಣ ಬದಲಾವಣೆ ಮಾಡಿದರು. ಬಹುಮಾನ ಮೂರು ಸಾವಿರ ಡಾಲರ್. ಮೂರು ನಿಮಿಷವಾಗುವ ಮೊದಲೇ ಎದುರಾಳಿಯನ್ನು ಕೆಡವಿದೆಯೆಂದು ಹೇಳಿ ಕಣದ ಯಜಮಾನ ಅವನ ಕೈಗೆ ನೂರನ್ನಷ್ಟೇ ತುರುಕುತ್ತಾನೆ. ಕಳ್ಳ ದೋಚುವುದೂ ಅದೇ ಯಜಮಾನನನ್ನು. ಮೂಲದಲ್ಲಿ ಬರಿಯ ಉದಾಸೀನವಾಗಿದ್ದುದು ಚಿತ್ರದಲ್ಲಿ ಸೇಡಾಗುತ್ತದೆ. ಕಣವನ್ನು ನಡೆಸುವವನಿಗೆ ಮುಖ ಬಂದಿತೆಂಬುದು ಚಿತ್ರದ ಗೆಲುವು. ಹುಡುಗನ ತಪ್ಪಿಗೆ ಒಂದು ನೆಪ ಸಿಕ್ಕಿಬಿಟ್ಟಿತೆಂಬುದು ಅದರ ಸೋಲು. ಮೂಲದ ನಿಷ್ಠುರತೆಯೇ ನಮಗೆ ಹೆಚ್ಚು ಮೆಚ್ಚಿಗೆ.

1964ರಲ್ಲಿ ಬಂದ ಡೇರ್‌ಡೆವಿಲ್‌ನ ಮೊದಲ ಸಂಚಿಕೆಯಲ್ಲಿ ನಾಯಕನ ತಂದೆ ಜ್ಯಾಕ್ ಮರ್ಡಾಕ್ ವಯಸ್ಸು ಮೀರುತ್ತಿರುವ ಮುಷ್ಟಿಮಲ್ಲ. ಸೋಲಬೇಕೆಂದು ಆಟದ ದಲ್ಲಾಳಿ ಅಪ್ಪಣೆ ಮಾಡುತ್ತಾನೆ, ಮಗನ ಎದುರು ಸೋಲಲಾರದೆ ಅವನು ಗೆಲ್ಲುತ್ತಾನೆ, ಅದಕ್ಕಾಗಿ ಕೊಲೆಯಾಗುತ್ತಾನೆ. ಮಗ ಕಾನೂನು ಓದಿ ವಕೀಲನೂ ಆಗುತ್ತಾನೆ, ಮುಸುಕುಧಾರಿಯೂ ಆಗುತ್ತಾನೆ. ಈ ಮೂರು ಕಥೆಗಳನ್ನು ನೋಡಿದವರಿಗೆ, ಸೂಪರ್‌ಹೀರೋನ ಬೆನ್ನ ಹಿಂದೆ ಸದಾ ಒಂದು ಪಂದ್ಯದ ಹಗ್ಗ ಎಳೆದಿರುವುದು ಕಾಣಿಸದೆ ಇರದು.

ಜೂಜಿನ ಆಟವನ್ನೇ ಕಥೆಯ ಕೇಂದ್ರವಾಗಿಸಿಕೊಂಡ ಕೃತಿಗಳಿಗೆ ಈಗ ಬರಬಹುದು. ಇವುಗಳಿಗೆ ದಾರಿ ಮಾಡಿಕೊಟ್ಟದ್ದು, ಸೂಪರ್‌ಹೀರೋ ಕಥೆಯಲ್ಲದಿದ್ದರೂ, ಸ್ಟಾರ್ ಟ್ರೆಕ್ ದೂರದರ್ಶನ ಮಾಲಿಕೆಯಲ್ಲಿ 1968ರ ಜನವರಿಯಲ್ಲಿ ಪ್ರಸಾರವಾದ ಟ್ರೈಸ್ಕೆಲಿಯಾನ್ ಗ್ರಹದ ಕಂತು. ಅಲ್ಲಿ ಪಣ ಕಟ್ಟುವವರು ದೇಹವನ್ನೇ ಕಳೆದುಕೊಂಡ ಮೂರು ಮಿದುಳುಗಳು. ದೇಹವಿಲ್ಲದವರಿಗೆ ದೇಹಗಳ ಕಾಳಗವೇ ಉಳಿದಿರುವ ಏಕೈಕ ಸುಖ ಎಂಬ ಕಲ್ಪನೆ ತೀಕ್ಷ್ಣವಾದುದು. ಸೆರೆಸಿಕ್ಕ ಕ್ಯಾಪ್ಟನ್ ಕರ್ಕ್ ಕೊನೆಗೆ ತಾನೇ ಅವರೊಡನೆ ಪಣ ಹೂಡಿ, ಗೆದ್ದು, ಅಲ್ಲಿನ ಆಳುಗಳನ್ನು ಬಿಡಿಸುತ್ತಾನೆ. ಆದರೆ ಗೆಲ್ಲುವುದಕ್ಕೆ ಅವನು ಒಡ್ಡಿದ ಪಣ ತನ್ನ ನೌಕೆಯ ಸಮಸ್ತ ಸಿಬ್ಬಂದಿಯ ಸ್ವಾತಂತ್ರ್ಯ. ಅವರನ್ನು ಕೇಳಲಿಲ್ಲ. ತಮ್ಮಂದಿರನ್ನು ಒಡ್ಡಿದ ಧರ್ಮರಾಯನನ್ನು ನಾವು ಇಷ್ಟು ಸುಲಭವಾಗಿ ಬಿಟ್ಟವರಲ್ಲ; ಗೆದ್ದನೆಂಬ ಕಾರಣಕ್ಕೆ ಕರ್ಕ್‌ನನ್ನು ಕಂತು ಬಿಟ್ಟುಬಿಡುತ್ತದೆ.

1982ರ ಮಾರ್ವೆಲ್ ಕಾಂಟೆಸ್ಟ್ ಆಫ್ ಚಾಂಪಿಯನ್ಸ್ ಮೂರು ಸಂಚಿಕೆಗಳ ಕಿರುಮಾಲಿಕೆ. ಗ್ರ್ಯಾಂಡ್‌ಮಾಸ್ಟರ್ ಎಂಬ ಆಟಬಡುಕ ದೈವಸದೃಶನು ಮೃತ್ಯುವಿನೊಡನೆ ಆಟ ಹೂಡಿ, ಭೂಮಿಯ ವೀರರನ್ನು ಎರಡು ಬಣವಾಗಿ ಕಾಯಿಗಳಂತೆ ನಡೆಸುತ್ತಾನೆ. ಮೂಲದಲ್ಲಿ ಇದನ್ನು 1980ರ ಮಾಸ್ಕೋ ಒಲಿಂಪಿಕ್ ಕ್ರೀಡಾಕೂಟಕ್ಕೆ ಹೊಂದಿಸಿ ಯೋಜಿಸಲಾಗಿತ್ತು. ಅಮೆರಿಕ ಆ ಕೂಟವನ್ನು ಬಹಿಷ್ಕರಿಸಿದ್ದರಿಂದ ಕಪಾಟು ಸೇರಿ, ಆಮೇಲೆ ರೂಪ ಬದಲಿಸಿ ಹೊರಬಂತು. ಕೃತಿಯಾಗಿ ಅದು ಸಾಮಾನ್ಯವಾದುದು. 1995ರ ಸುಮಾರಿಗೆ ಸ್ಪೈಡರ್‌ಮ್ಯಾನ್ ಪತ್ರಿಕೆಗಳಲ್ಲಿ ಬಂದ ‘ಗ್ರೇಟ್ ಗೇಮ್’ ಎಂಬ ಎಳೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ: ಧನಿಕ ಪ್ರಾಯೋಜಕರು ಒಬ್ಬೊಬ್ಬರು ಒಬ್ಬೊಬ್ಬ ವೇಷಧಾರಿ ಕಾದಾಳುವನ್ನು ಸಾಕಿಕೊಂಡಿರುತ್ತಾರೆ, ಪೀಟರ್ ಪಾರ್ಕರನ ತದ್ರೂಪಿಯಾದ ಬೆನ್ ರೈಲಿ ಏನೂ ಅರಿಯದೆ ಆ ಕಾಳಗಗಳ ನಡುವೆ ಸಿಲುಕುತ್ತಾನೆ. ಪ್ರಾಯೋಜಕ ಮತ್ತು ಕಾದಾಳುವಿನ ಈ ಜೋಡಿ ನಮ್ಮ ಹಳಗನ್ನಡದ ಒಡೆಯ ಮತ್ತು ಅಂಕಕಾರರ ಜೋಡಿಯನ್ನು ನೆನಪಿಸುತ್ತದೆ. ಆದರೆ ಅಂಕಕಾರನಿಗೆ ತಾನು ಯಾರ ಪರವಾಗಿ ಕಾದುತ್ತಿದ್ದೇನೆಂಬುದು ಗೊತ್ತು. ಅದೇ ಅವನ ಬಿರುದು. ಬೆನ್ ರೈಲಿಗೆ ಒಡೆಯನೇ ಇಲ್ಲ. ಒಡೆಯನಿಲ್ಲದವನ ಮೇಲೂ ಪಣ ಕಟ್ಟಬಹುದೆಂಬುದು ಹೊಸ ಕಾಲದ ಸಮಾಹ್ವಯದ ಲಕ್ಷಣ.

ಈ ಪರಂಪರೆಯ ಅತ್ಯಂತ ಚರ್ಚಾರ್ಹ ರೂಪ ರೂಲೆಟ್ ಎಂಬ ಪಾತ್ರದ ಸುತ್ತ ಬೆಳೆಯಿತು. 2001ರಲ್ಲಿ ಡಿಸಿ ಪ್ರಕಾಶನದ ಜಸ್ಟೀಸ್ ಸೊಸೈಟಿ ಕಥೆಗಳಲ್ಲಿ ಮೊದಲು ಕಾಣಿಸಿಕೊಂಡ ಈಕೆ ಜೂಜುಗೃಹದ ಒಡತಿ. ವೀರರನ್ನು ಹಿಡಿದು ತಂದು ಕಾದಾಡಿಸಿ, ಬಂದ ಅತಿಥಿಗಳಿಂದ ಪಣ ಕಟ್ಟಿಸಿಕೊಳ್ಳುವುದು ಅವಳ ಕಸುಬು. ಸ್ಮೃತಿಗಳ ‘ಸಭಿಕ’ನಿಗೆ ಇವಳಷ್ಟು ನಿಖರವಾದ ಪ್ರತಿರೂಪ ಬೇರೆ ಸಿಕ್ಕದು. ಜಸ್ಟೀಸ್ ಲೀಗ್ ಅನ್‌ಲಿಮಿಟೆಡ್ ಎಂಬ ಅನಿಮೇಷನ್ ಮಾಲಿಕೆ ಈಕೆಯನ್ನು ಎರಡು ಕಂತುಗಳಲ್ಲಿ ಬಳಸಿಕೊಂಡಿತು. ಒಂದೇ ಮಾಲಿಕೆ, ಒಂದೇ ಪ್ರತಿನಾಯಕಿ, ಒಂದೇ ಬಗೆಯ ಕಣ. ಆದರೂ ಎರಡು ಕಂತುಗಳ ನೈತಿಕ ನಿಲುವಿನಲ್ಲಿ ಅಜಗಜಾಂತರವಿದೆ.

ಮೊದಲನೆಯದು 2005ರ ‘ದ ಕ್ಯಾಟ್ ಅಂಡ್ ದ ಕ್ಯಾನರಿ’. ಇಲ್ಲಿ ಕಣದಲ್ಲಿರುವವನು 1942ರ ಅದೇ ಟೆಡ್ ಗ್ರಾಂಟ್. ವಯಸ್ಸಾಗಿದೆ; ತನ್ನನ್ನು ಲೀಗಿನವರು ಮೂಲೆಗೆ ತಳ್ಳಿದ್ದಾರೆಂಬ ಕೊರಗು ಇದೆ. ರೂಲೆಟ್ ನಡೆಸುವ ಗುಪ್ತ ಕಾಳಗಗಳಿಗೆ ಅವನು ತಾನಾಗಿಯೇ ಹೋಗಿದ್ದಾನೆ. ಅಲ್ಲಿ ಸಿಗುವ ಚಪ್ಪಾಳೆಯ ರುಚಿ ಹತ್ತಿದೆ. ಅವನಿಂದ ವಿದ್ಯೆ ಕಲಿತ ಬ್ಲ್ಯಾಕ್ ಕ್ಯಾನರಿ ಅವನನ್ನು ಹಿಂದಕ್ಕೆ ತರಲು ಹೆಣಗುತ್ತಾಳೆ. ಕೊನೆಗೆ ಅವಳ ಬದಲು ಗ್ರೀನ್ ಆರೋ ಕಣಕ್ಕಿಳಿದು, ಏಟು ತಿಂದು, ಸತ್ತಂತೆ ನಟಿಸುತ್ತಾನೆ. ತನ್ನ ಕೈಯಿಂದ ಒಬ್ಬನ ಪ್ರಾಣ ಹೋಯಿತೆಂದು ಗ್ರಾಂಟ್ ಕುಸಿಯುತ್ತಾನೆ. ಅರುವತ್ತು ವರ್ಷಗಳ ಹಿಂದಿನ ಮೂಲಕಥೆಯನ್ನು ಬಲ್ಲವರಿಗೆ ಈ ದೃಶ್ಯದ ಭಾರ ಬೇರೆಯೇ. ಅಂದು ತಿಳಿಯದೆ ಕೊಂದ ಕಾರಣ ವೀರನಾದವನು, ಇಂದು ತಿಳಿದೂ ತಿಳಿದೂ ಅದೇ ಕಣಕ್ಕೆ ಹೋಗಿ, ಕೊಂದೆನೆಂಬ ಭ್ರಮೆಯಿಂದ ಎಚ್ಚರಗೊಳ್ಳುತ್ತಾನೆ. ಸಭಿಕಳ ಮೇಲೆ ಎಲ್ಲ ಹೊಣೆಯನ್ನೂ ಹೊರಿಸಿ ಕಂತು ಕೈತೊಳೆದುಕೊಳ್ಳುವುದಿಲ್ಲ. ಕಾದಾಳುವಿನೊಳಗೂ ಒಬ್ಬ ಜೂಜುಕೋರನಿದ್ದಾನೆ, ಅವನ ಪಣ ಅವನ ಮರ್ಯಾದೆ ಎಂಬುದನ್ನು ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ ಹೇಳುತ್ತದೆ.

ಮರುವರ್ಷ ಬಂದ ‘ಗ್ರಜ್ ಮ್ಯಾಚ್’ ಕಂತಿನಲ್ಲಿ ರೂಲೆಟ್‌ಳ ವ್ಯಾಪಾರ ಇಳಿಮುಖವಾಗಿದೆ. ಹೊಸ ಆಕರ್ಷಣೆ ಬೇಕು. ಲೀಗಿನ ಸದಸ್ಯರು ಕಿವಿಯಲ್ಲಿ ಧರಿಸುವ ಸಂಪರ್ಕಯಂತ್ರದ ಮೂಲಕ ವೀರವನಿತೆಯರ ಮನಸ್ಸನ್ನು ವಶಪಡಿಸಿಕೊಂಡು, ಅವರಿಗೆ ಅರಿವಿಲ್ಲದಂತೆ ಪಂಜರದಲ್ಲಿ ಒಬ್ಬರ ಮೇಲೊಬ್ಬರನ್ನು ಬಿಡುತ್ತಾಳೆ. ಬ್ಲ್ಯಾಕ್ ಕ್ಯಾನರಿ ಮತ್ತು ಲೀಗಿನಿಂದ ಹೊರಹಾಕಲ್ಪಟ್ಟಿದ್ದ ಹಂಟ್ರೆಸ್ ಇದನ್ನು ಪತ್ತೆ ಮಾಡುತ್ತಾರೆ. ವಿಕ್ಸನ್, ಹಾಕ್‌ಗರ್ಲ್ ಮೊದಲಾದವರು ಎಚ್ಚರಗೊಂಡರೂ ವಶದಲ್ಲಿಯೇ ಉಳಿದ ವಂಡರ್ ವುಮನ್‌ಳನ್ನು ಎದುರಿಸಬೇಕಾಗುತ್ತದೆ. ಕಲ್ಪನೆ ಬಲವಾದುದು. ಒಬ್ಬರನ್ನೊಬ್ಬರು ರಕ್ಷಿಸಲೆಂದು ಧರಿಸಿದ ಸಾಧನವೇ ಮೂಗುದಾರವಾಗುತ್ತದೆ. ಹಂಟ್ರೆಸ್ ಮತ್ತು ಕ್ಯಾನರಿಯರ ನಡುವಿನ ಒರಟು ಸ್ನೇಹವೂ ಚೆನ್ನಾಗಿ ಮೂಡಿದೆ. ಆದರೂ ನಮಗೆ ಈ ಕಂತಿನ ಬಗ್ಗೆ ಗಂಭೀರವಾದ ತಕರಾರಿದೆ. ಹೆಣ್ಣುಗಳು ಪಂಜರದಲ್ಲಿ ಹೊಡೆದಾಡುವ ನೋಟಕ್ಕೆ ದುಡ್ಡು ಕೊಡುವವರು ಹೀನರೆಂದು ಕಂತು ಹೇಳುತ್ತದೆ. ಹೇಳುತ್ತಲೇ ಅದೇ ನೋಟವನ್ನು, ಅದೇ ಕೋನದಿಂದ, ಅದೇ ಉತ್ಸಾಹದಿಂದ ನಮಗೆ ತೋರಿಸುತ್ತದೆ. ನಾಯಕಿಯರಿಗೆ ಅರಿವಿಲ್ಲವಾದ್ದರಿಂದ ಅವರ ಗೌರವಕ್ಕೆ ಕುಂದಿಲ್ಲ. ಅವರ ಗೌರವಕ್ಕೆ ಕುಂದಿಲ್ಲವಾದ್ದರಿಂದ ನೋಡುಗನ ಮನಸ್ಸಿಗೂ ಕಸಿವಿಸಿಯಿಲ್ಲ. 1942ರ ಕಥೆಯಲ್ಲಿ ಅರಿವಿನ ಅಭಾವ ಒಂದು ಗಾಯ. ಇಲ್ಲಿ ಅದು ಶೌಚದ ವಿಧಿ. ಎಚ್ಚರಗೊಂಡ ನಾಯಕಿಯರಲ್ಲಿ ಕೋಪವಿದೆಯೇ ಹೊರತು, ತಮ್ಮ ಕೈಯಿಂದ ಏನಾಯಿತೆಂಬ ತಳಮಳವಿಲ್ಲ. ಟೆಡ್ ಗ್ರಾಂಟನಿಗೆ ದೊರೆತ ಆ ಕುಸಿಯುವ ಹಕ್ಕು ಅವರಿಗೆ ದೊರೆಯಲಿಲ್ಲ.

ಮಹಾಭಾರತದ ವಿರಾಟಪರ್ವದಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಸನ್ನಿವೇಶವಿದೆ. ಅಡುಗೆಯ ವಲಲನಾಗಿ ಮರೆಸಿಕೊಂಡ ಭೀಮನು ಉತ್ಸವದ ಕಣದಲ್ಲಿ ಜೀಮೂತನೆಂಬ ಮಲ್ಲನನ್ನು ಕೆಡವುತ್ತಾನೆ. ಸಮಾನ ಎದುರಾಳಿಗಳು ಮುಗಿದ ಮೇಲೆ ವಿರಾಟನು ಅವನನ್ನು ಅಂತಃಪುರದ ಹೆಂಗಳೆಯರ ಎದುರು ಹುಲಿ, ಸಿಂಹ, ಆನೆಗಳೊಡನೆ ಕಾದಾಡಿಸುತ್ತಾನೆ. ಅದೇ ಅರಮನೆಯ ಇನ್ನೊಂದು ಭಾಗದಲ್ಲಿ ಕಂಕನೆಂಬ ಹೆಸರಿನ ಧರ್ಮರಾಯ ಅರಸನಿಗೆ ಪಗಡೆಯಾಡಿಸುತ್ತಿದ್ದಾನೆ. ದ್ಯೂತವೂ ಮಲ್ಲವಿನೋದವೂ ಒಂದೇ ಸೂರಿನ ಕೆಳಗೆ. ಭೀಮನು ಮನುಷ್ಯರ ಸಾಲಿನಿಂದ ಮೃಗಗಳ ಸಾಲಿಗೆ ಇಳಿಯುವುದು ಇಲ್ಲಿ ಅಕ್ಷರಶಃ ನಡೆಯುತ್ತದೆ. ಆದರೆ ಇಲ್ಲಿ ಅರಿಯದವನು ಕಾದಾಳುವಲ್ಲ, ನೋಡುಗ. ತನ್ನ ಮನರಂಜನೆಗೆ ಹುಲಿಯ ಮುಂದೆ ನಿಲ್ಲಿಸಿದವನು ಯಾರೆಂಬುದು ವಿರಾಟನಿಗೆ ಗೊತ್ತಿಲ್ಲ. ನೋಡುತ್ತ ಕುಳಿತ ದ್ರೌಪದಿಗೆ ಗೊತ್ತು. ಅವಳ ಮುಖದಲ್ಲಿ ಕಂಡ ನೋವನ್ನು ಸುದೇಷ್ಣೆ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾಳೆ. ವ್ಯಾಸಭಾರತ ಪ್ರೇಕ್ಷಕವರ್ಗದೊಳಗೇ ಒಬ್ಬ ಅರಿತವಳನ್ನು ಕೂರಿಸಿ, ನೋಟದ ಸುಖವನ್ನು ಕೆಡಿಸುತ್ತದೆ. ‘ಗ್ರಜ್ ಮ್ಯಾಚ್’ನ ಪ್ರೇಕ್ಷಕವರ್ಗದಲ್ಲಿ ಅಂಥವರು ಯಾರೂ ಇಲ್ಲ. ಅಲ್ಲಿ ಹಾಗೆ ಇರಬೇಕಾಗಿದ್ದವರು ನಾವು. ನಮ್ಮನ್ನು ಅಲ್ಲಿ ಕೂರಿಸುವ ಧೈರ್ಯ ಕಂತಿಗೆ ಬರಲಿಲ್ಲ.

ಇಲ್ಲಿ ಒಂದು ಶಬ್ದದ ಕಥೆಯನ್ನು ಹೇಳಬೇಕು. ಸ್ಮೃತಿಗಳಲ್ಲಿ ಜೂಜುಕಟ್ಟೆಯ ಯಜಮಾನನಾಗಿದ್ದ ‘ಸಭಿಕ’ ಇಂದಿನ ಕನ್ನಡದಲ್ಲಿ ಸಭೆಯಲ್ಲಿ ಕುಳಿತು ನೋಡುವವನು, ಕೇಳುವವನು. ಸಮಾರಂಭದಲ್ಲಿ ವೇದಿಕೆಯ ಮೇಲಿಂದ ‘ಸಭಿಕರೇ’ ಎಂದು ಸಂಬೋಧಿಸುವಾಗ ಯಾರಿಗೂ ನೂರಕ್ಕೆ ಐದರ ಲೆಕ್ಕ ನೆನಪಾಗುವುದಿಲ್ಲ. ಅರ್ಥಪಲ್ಲಟದ ಸಾಮಾನ್ಯ ನಿದರ್ಶನವೆಂದು ಇದನ್ನು ಬಿಡಬಹುದು. ಆದರೆ ನಮ್ಮ ಪ್ರಕಾರದ ವಿಷಯದಲ್ಲಿ ಆ ಎರಡು ಅರ್ಥಗಳು ಒಂದಾದ ಒಂದು ಘಟನೆಯೇ ನಡೆದುಹೋಗಿದೆ.

ಅದನ್ನು ಹೇಳುವ ಮೊದಲು ಒಡೆಯನ ಪ್ರಶ್ನೆಯನ್ನು ತುಸು ನೋಡಬೇಕು. ಸಮಾಹ್ವಯದಲ್ಲಿ ಲಾಭನಷ್ಟಗಳು ಒಡೆಯನಿಗೆ ಸೇರಿದವೆಂಬ ನಿಯಮ ಸೂಪರ್‌ಹೀರೋಗಳ ಲೋಕದಲ್ಲಿ ಕಥೆಯೊಳಗಿಗಿಂತ ಹೊರಗೆ ಹೆಚ್ಚು ಕಟ್ಟುನಿಟ್ಟಾಗಿ ಜಾರಿಯಲ್ಲಿತ್ತು. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು ಸೂಪರ್‌ಮ್ಯಾನ್‌ನ ಹಕ್ಕನ್ನು 1938ರಲ್ಲಿ 130 ಡಾಲರಿಗೆ ಬಿಟ್ಟುಕೊಟ್ಟರು. ಅವರ ಹೆಸರು ಕೃತಿಗಳ ಮೇಲೆ ಮರಳಿ ಬರಲು, ವರ್ಷಕ್ಕೆ ತಲಾ 20,000 ಡಾಲರಿನ ನಿವೃತ್ತಿವೇತನ ಸಿಗಲು 1975ರ ತನಕ ಕಾಯಬೇಕಾಯಿತು. ಆ ಹೊತ್ತಿಗೆ ಅವರು ಸೃಷ್ಟಿಸಿದವನು ಎಷ್ಟು ಕಾಳಗಗಳನ್ನು ಗೆದ್ದಿದ್ದನೋ, ಆ ಗೆಲುವುಗಳ ಪಾಲು ಯಾರಿಗೆ ಸಂದಿತ್ತೋ!

ಘಟನೆ ನಡೆದದ್ದು 1988ರ ಸೆಪ್ಟೆಂಬರಿನಲ್ಲಿ. ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಆಗ ಜೇಸನ್ ಟಾಡ್ ಎಂಬ ಹುಡುಗ. ಮೊದಲಿನ ರಾಬಿನ್‌ನಷ್ಟು ಅವನು ಓದುಗರಿಗೆ ಪ್ರಿಯನಾಗಿರಲಿಲ್ಲ. ‘ಎ ಡೆತ್ ಇನ್ ದ ಫ್ಯಾಮಿಲಿ’ ಎಂಬ ಕಥಾಸರಣಿಯ ಮಧ್ಯದಲ್ಲಿ ಜೋಕರ್ ಈ ಹುಡುಗನನ್ನು ಹೊಡೆದು ಕೆಡವಿ, ಸ್ಫೋಟಕದ ಜೊತೆ ಬಿಟ್ಟುಹೋಗುತ್ತಾನೆ. ಅಲ್ಲಿಗೆ ಸಂಚಿಕೆ ನಿಲ್ಲುತ್ತದೆ. ಹಿಂಬದಿಯ ಪುಟದಲ್ಲಿ ಎರಡು ದೂರವಾಣಿ ಸಂಖ್ಯೆಗಳು: ಹುಡುಗ ಬದುಕಬೇಕೆನ್ನುವವರಿಗೆ ಒಂದು, ಸಾಯಬೇಕೆನ್ನುವವರಿಗೆ ಇನ್ನೊಂದು. ಒಂದೊಂದು ಕರೆಗೆ ಐವತ್ತು ಸೆಂಟು. ಮೂವತ್ತಾರು ಗಂಟೆಗಳ ಅವಧಿ. ಕರೆಗಳನ್ನು ಎಣಿಸಿದಾಗ ಬದುಕಲಿ ಎಂದವು 5,271. ಸಾಯಲಿ ಎಂದವು 5,343. ಎಪ್ಪತ್ತೆರಡು ಕರೆಗಳ ಅಂತರದಲ್ಲಿ ಹುಡುಗ ಸತ್ತ. ಎರಡು ಅಂತ್ಯಗಳೂ ಮುಂಚಿತವಾಗಿಯೇ ಸಿದ್ಧವಾಗಿದ್ದವು.

ಇದು ಜೂಜಲ್ಲ, ಮತದಾನ ಎಂಬ ಆಕ್ಷೇಪಣೆಗೆ ಅವಕಾಶವುಂಟು. ಕರೆ ಮಾಡಿದವರಿಗೆ ಗೆದ್ದರೂ ಹಣ ಮರಳಲಿಲ್ಲ ಎಂಬುದು ನಿಜ. ಆದರೆ ಒಂದು ಜೀವದ ಅಳಿವು ಉಳಿವಿನ ಮೇಲೆ ದುಡ್ಡು ಇಟ್ಟು, ಫಲಿತಾಂಶಕ್ಕೆ ಕಾದು ಕುಳಿತು, ತಮ್ಮ ಪಕ್ಷ ಗೆದ್ದಿತೇ ಎಂದು ನೋಡಿದವರನ್ನು ಏನೆಂದು ಕರೆಯಬೇಕು? ಅವರೇನೂ ರೂಲೆಟ್‌ಳ ಕಣದ ಸಿರಿವಂತರಲ್ಲ. ಬಹುಶಃ 1942ರಲ್ಲಿ ಟೆಡ್ ಗ್ರಾಂಟನಿಗೆ ವೀರನಾಗುವುದನ್ನು ಕಲಿಸಿದ ಆ ಹುಡುಗನ ಮಕ್ಕಳು, ಮೊಮ್ಮಕ್ಕಳು. ಜೂಜುಕಟ್ಟೆಯ ಯಜಮಾನ ಮತ್ತು ಸಭೆಯ ನೋಡುಗ ಎಂಬ ಸಭಿಕ ಶಬ್ದದ ಎರಡು ಅರ್ಥಗಳ ನಡುವಿನ ಗೋಡೆ ಆ ಮೂವತ್ತಾರು ಗಂಟೆಗಳಲ್ಲಿ ಬಿದ್ದುಹೋಯಿತು. ಆಮೇಲೆ ಬಂದ ರೂಲೆಟ್‌ಳ ಕಥೆಗಳನ್ನು, ‘ಗ್ರೇಟ್ ಗೇಮ್’ನ ಕಥೆಯನ್ನು ಈ ಘಟನೆಯ ಬೆಳಕಿನಲ್ಲಿ ಓದಬೇಕೆಂಬುದು ನಮ್ಮ ಸೂಚನೆ. ಅವುಗಳಲ್ಲಿ ಪಣ ಕಟ್ಟುವವರೆಲ್ಲ ಏಕೆ ಕಡ್ಡಾಯವಾಗಿ ಆಗರ್ಭ ಶ್ರೀಮಂತರು, ಏಕೆ ಬಾಯಲ್ಲಿ ಸಿಗಾರು, ಕೈಯಲ್ಲಿ ಮದ್ಯದ ಬಟ್ಟಲು ಹಿಡಿದವರು ಎಂಬುದಕ್ಕೆ ಆಗ ಕಾರಣ ಹೊಳೆಯುತ್ತದೆ. ಐವತ್ತು ಸೆಂಟಿನವರನ್ನು ಆ ಆಸನಗಳಲ್ಲಿ ಕೂರಿಸಿದರೆ ಪತ್ರಿಕೆ ಕೊಳ್ಳುವವರು ಯಾರು?

ಜೇಸನ್ ಟಾಡ್ 2005ರ ಸುಮಾರಿಗೆ ಬ್ಯಾಟ್‌ಮ್ಯಾನ್ ಪತ್ರಿಕೆಯಲ್ಲಿ ಬದುಕಿ ಹಿಂದಿರುಗಿದ. ರೆಡ್ ಹುಡ್ ಎಂಬ ಹೊಸ ಮುಸುಕು ತೊಟ್ಟಿದ್ದ. ಕೊಂದ ಜೋಕರನ ಮೇಲೆ ಅವನಿಗೆ ಸಿಟ್ಟಿದೆ. ತನ್ನ ಸಾವಿಗೆ ಸೇಡು ತೀರಿಸದೆ ಜೋಕರನನ್ನು ಜೀವಂತ ಬಿಟ್ಟ ಬ್ಯಾಟ್‌ಮ್ಯಾನ್‌ನ ಮೇಲೆ ಅದಕ್ಕಿಂತ ಹೆಚ್ಚಿನ ಸಿಟ್ಟಿದೆ. ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಲೆಕ್ಕ ಕೇಳುತ್ತಾನೆ. 5,343 ಕರೆಗಳ ಸುದ್ದಿ ಅವನಿಗೆ ತಲುಪಿಲ್ಲ.